ರೀಸ್ಟಾರ್ಟ್ ಮಾಡುವ ಮೊದಲು

ಇಂಟರ್ನೆಟ್ ಪೂರ್ತಿ ಸತ್ತರೆ ಒಂದು ಲೆಕ್ಕಕ್ಕೆ ಒಳ್ಳೆಯದು. ಕಡಿದ ವೈರ್ ಕಣ್ಣಿಗೆ ಬೀಳುತ್ತದೆ, ಕೇಬಲ್‌ನವರು ಬಂದು ಜಾಯಿಂಟ್ ಹಾಕಿ ಹೋಗುತ್ತಾರೆ. ತಲೆ ಕೆಡಿಸುವುದು ಬಂದು ಹೋಗುವ ಕನೆಕ್ಷನ್. ಮೀಟಿಂಗ್ ನಡುವೆ ಮಾತು ನಿಲ್ಲುತ್ತದೆ, ಎರಡು ನಿಮಿಷಕ್ಕೆ ತಾನೇ ಬರುತ್ತದೆ, ಕಸ್ಟಮರ್ ಕೇರ್‌ಗೆ ಫೋನ್ ಮಾಡುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಮಾರನೇ ದಿನ ಹುಡುಗ ಬಂದು ತನ್ನ ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, "ಫುಲ್ ಬರ್ತಾ ಇದೆಯಲ್ಲ ಸರ್" ಅನ್ನುತ್ತಾನೆ. ಅವನು ಹೇಳುವುದೂ ನಿಜವೇ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ರೌಟರ್‌ನ ಸ್ವಿಚ್‌ಗೆ. ಆಫ್ ಮಾಡಿ ಆನ್ ಮಾಡಿದರೆ ಬಹಳ ಸಲ ಬರುತ್ತದೆ ಕೂಡ. ತೊಂದರೆ ಇರುವುದು ಅಲ್ಲೇ. ರೀಸ್ಟಾರ್ಟ್ ಆದೊಡನೆ ಬಹಳಷ್ಟು ರೌಟರ್‌ಗಳಲ್ಲಿ ಲಾಗ್ (ಏನೇನಾಯಿತು ಎಂಬ ದಾಖಲೆ) ಅಳಿಸಿಹೋಗುತ್ತದೆ, ಎಷ್ಟು ಹೊತ್ತಿನಿಂದ ಎದ್ದಿತ್ತು ಎಂಬ ಲೆಕ್ಕ ಸೊನ್ನೆಗೆ ಬರುತ್ತದೆ, ಯಾವ ವೈಫೈ ಚಾನೆಲ್‌ನಲ್ಲಿ ಒದ್ದಾಡುತ್ತಿತ್ತೋ ಅದೂ ಬದಲಾಗಿರಬಹುದು. ರೋಗ ಹಾಗೇ ಉಳಿದು ಗುರುತು ಮಾತ್ರ ಮಾಯ. ಆದ್ದರಿಂದ ನೆಟ್ ಕೈಕೊಟ್ಟ ಆ ಎರಡು ನಿಮಿಷ ಬಹಳ ಬೆಲೆಯದ್ದು. ಏನನ್ನೂ ಮುಟ್ಟದೆ ನೋಡಬೇಕಾದ ಹೊತ್ತು ಅದು.

ನಿಮ್ಮ ಮೊಬೈಲ್‌ನಿಂದ ಹೊರಜಗತ್ತಿನವರೆಗೆ ನಾಲ್ಕು ತುಂಡು ದಾರಿ ಇದೆ. ಮೊಬೈಲ್‌ನಿಂದ ರೌಟರ್‌ಗೆ ಗಾಳಿಯಲ್ಲಿ, ರೌಟರ್‌ನಿಂದ ಫೈಬರ್ ಡಬ್ಬಿಗೆ (ಓಎನ್‌ಟಿ ಅನ್ನುತ್ತಾರೆ) ತಾಮ್ರದ ವೈರ್‌ನಲ್ಲಿ, ಅಲ್ಲಿಂದ ಕಂಬ, ಮರ, ಚರಂಡಿ ದಾಟಿ ಕಂಪನಿಯ ಕಚೇರಿಯವರೆಗೆ ಗಾಜಿನ ಎಳೆಯಲ್ಲಿ, ಅದರಾಚೆ ಕಂಪನಿಯ ಸ್ವಂತ ಜಾಲದಲ್ಲಿ. ಈಗ ರೌಟರ್, ಓಎನ್‌ಟಿ ಎರಡೂ ಒಂದೇ ಡಬ್ಬಿಯಲ್ಲಿ ಬರುವುದೇ ಹೆಚ್ಚು. ಹಾಗಿದ್ದರೆ ಒಂದು ತುಂಡು ಕಡಿಮೆ. ಯಾವ ತುಂಡು ಅಂತ ಗೊತ್ತಾಗದೆ ಹೊಸ ರೌಟರ್ ಕೊಳ್ಳುವುದು, ಪ್ಲಾನ್ ಏರಿಸುವುದು, ಕಂಪನಿ ಬದಲಿಸುವುದು ಇವೆಲ್ಲ ದುಡ್ಡು ಕೊಟ್ಟು ಚೀಟಿ ಎತ್ತಿದ ಹಾಗೆ.

ಮೂರು ಪಿಂಗ್, ಎರಡು ಗಡಿಯಾರ

ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು 8.8.8.8ಕ್ಕೆ (ಗೂಗಲ್‌ನ ವಿಳಾಸ) ಒಂದು ಟ್ರೇಸ್‌ರೂಟ್ ಓಡಿಸಿ (ವಿಂಡೋಸ್‌ನಲ್ಲಿ tracert). ದಾರಿಯ ಒಂದೊಂದು ಮೆಟ್ಟಿಲೂ ಒಂದೊಂದು ಸಾಲಾಗಿ ಕಾಣುತ್ತದೆ. ಮೊದಲ ಸಾಲಿನಲ್ಲಿ ನಿಮ್ಮ ರೌಟರ್ ಬರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಮುಂದಿನ ಸಾಲು ಕಂಪನಿಯ ಮೊದಲ ಮೆಟ್ಟಿಲು. ಮನೆಯಲ್ಲಿ ಎರಡು ಡಬ್ಬಿ ಒಂದರ ಹಿಂದೊಂದು ರೌಟರ್ ಆಗಿ ಕೂತಿದ್ದರೆ ಅದು ಮೂರನೇ ಸಾಲಿಗೆ ಹೋಗುತ್ತದೆ. ಈಗ ಮೂರು ಕಿಟಕಿ ತೆರೆದು ಮೂರಕ್ಕೂ ನಿಲ್ಲದ ಪಿಂಗ್ ("ಇದ್ದೀಯಾ" ಅಂತ ಕೂಗಿ ಉತ್ತರಕ್ಕೆ ಕಾಯುವುದು) ಹಾಕಿ: ರೌಟರ್, ಕಂಪನಿಯ ಮೊದಲ ಮೆಟ್ಟಿಲು, 8.8.8.8. ವಿಂಡೋಸ್‌ನಲ್ಲಿ ವಿಳಾಸದ ಮುಂದೆ ಹೈಫನ್ ಹಾಕಿ ಟಿ ಅಕ್ಷರ ಸೇರಿಸದಿದ್ದರೆ ನಾಲ್ಕು ಸಲಕ್ಕೆ ನಿಂತುಬಿಡುತ್ತದೆ. ಮೊದಲ ಮೆಟ್ಟಿಲು ಪಿಂಗ್‌ಗೆ ಉತ್ತರಿಸದಿದ್ದರೆ ಅದರ ಮುಂದಿನದನ್ನು ಹಿಡಿಯಿರಿ.

ನೆಟ್ ಹೋದಾಗ ಮೂರು ಕಿಟಕಿಯನ್ನೂ ಒಟ್ಟಿಗೆ ನೋಡಿ. ರೌಟರ್‌ನ ಪಿಂಗೇ ತಪ್ಪುತ್ತಿದ್ದರೆ ತಪ್ಪು ನಿಮ್ಮ ವೈಫೈಯದ್ದು; ಕಂಪನಿಗೆ ಬೈದು ಪ್ರಯೋಜನವಿಲ್ಲ. ರೌಟರ್ ನೆಟ್ಟಗಿದ್ದು ಎರಡನೆಯದು, ಮೂರನೆಯದು ಸತ್ತರೆ ಓಎನ್‌ಟಿಯಿಂದ ಕಂಪನಿಯ ಕಚೇರಿಯವರೆಗಿನ ದಾರಿ. ಎರಡೂ ಸರಿಯಿದ್ದು ಮೂರನೆಯದು ಮಾತ್ರ ಹೋದರೆ ಕಂಪನಿಯ ಒಳಜಾಲ ಅಥವಾ ಅದರಾಚೆ. ಮೂರೂ ಸರಿಯಿದ್ದೂ ಬ್ರೌಸರ್ ತೆರೆಯದಿದ್ದರೆ ಡಿಎನ್‌ಎಸ್, ಅಂದರೆ ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ರೌಟರ್‌ನಲ್ಲಿ 1.1.1.1 ಅಥವಾ 8.8.8.8 ಹಾಕಿದರೆ ಮುಗಿಯಿತು, ಇದರ ಬಗ್ಗೆ ಇದಕ್ಕಿಂತ ಹೆಚ್ಚು ಮಾತು ಬೇಕಿಲ್ಲ.

ಎಂಟಿಆರ್‌ನಂಥ (ಟ್ರೇಸ್‌ರೂಟ್, ಪಿಂಗ್ ಎರಡನ್ನೂ ಒಟ್ಟಿಗೆ ಓಡಿಸುವ) ಸಾಧನ ಬಳಸುವವರಿಗೆ ಒಂದು ಎಚ್ಚರಿಕೆ. ನಡುವಿನ ಯಾವುದೋ ಒಂದು ಸಾಲಿನಲ್ಲಿ 40 ಶೇಕಡಾ ಲಾಸ್ (ಉತ್ತರ ಬಾರದೆ ಹೋದ ಪಿಂಗ್‌ಗಳ ಪಾಲು) ಕಂಡು, ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಅದು ಲಾಸ್ ಅಲ್ಲ. ದೊಡ್ಡ ರೌಟರ್‌ಗಳು ಬೇರೆಯವರ ಪ್ಯಾಕೆಟ್ ದಾಟಿಸುವುದಕ್ಕೆ ಆದ್ಯತೆ ಕೊಟ್ಟು, ತಮಗೇ ಬಂದ ಪಿಂಗ್‌ಗೆ ಬಿಡುವಿದ್ದಾಗ ಉತ್ತರಿಸುತ್ತವೆ. ಲಾಸ್ ಒಂದು ಸಾಲಿನಲ್ಲಿ ಶುರುವಾಗಿ ಕೊನೆಯವರೆಗೆ ಮುಂದುವರಿದರೆ ಮಾತ್ರ ಲೆಕ್ಕಕ್ಕೆ. ನಡುವಿನ ಸಾಲಿನ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಕಂಪನಿಯವರ ಜೊತೆ ಜಗಳಕ್ಕೆ ನಿಲ್ಲುವವರು ಬಹಳ.

ಇದರ ಜೊತೆಗೇ ನೋಡಬೇಕಾದ್ದು ಅಪ್‌ಟೈಮ್. ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಸಾಮಾನ್ಯವಾಗಿ ಎರಡು ಗಡಿಯಾರ ಇರುತ್ತವೆ. ಒಂದು ಡಬ್ಬಿಗೆ ಕರೆಂಟ್ ಬಂದು ಎಷ್ಟು ಹೊತ್ತಾಯಿತು ಅನ್ನುವುದು, ಇನ್ನೊಂದು ಇಂಟರ್ನೆಟ್ ಸೆಷನ್ ಕೂಡಿ ಎಷ್ಟು ಹೊತ್ತಾಯಿತು ಅನ್ನುವುದು. ಎರಡೂ ಈಗತಾನೇ ಸೊನ್ನೆಯಿಂದ ಶುರುವಾಗಿದ್ದರೆ ಡಬ್ಬಿಯೇ ಆಫ್ ಆಗಿ ಆನ್ ಆಗಿದೆ, ಹುಡುಕಬೇಕಾದ್ದು ಕರೆಂಟಿನಲ್ಲಿ. ಡಬ್ಬಿ ಹತ್ತು ದಿನದಿಂದ ಎದ್ದಿದ್ದು ಸೆಷನ್ ಮಾತ್ರ ಮೂರು ನಿಮಿಷದ್ದಾಗಿದ್ದರೆ ಲೈನ್‌ನದ್ದು. ಎರಡೂ ಹತ್ತು ದಿನದವೇ ಆಗಿ ನಿಮಗೆ ಮಾತ್ರ ನೆಟ್ ಹೋಗಿದ್ದರೆ ವೈಫೈ. ಒಂದು ನೋಟದಲ್ಲಿ ಇಷ್ಟು ಹೇಳುವ ಇನ್ನೊಂದು ಪರೀಕ್ಷೆ ಇಲ್ಲ, ಮತ್ತು ರೀಸ್ಟಾರ್ಟ್ ಮೊದಲು ಕೊಲ್ಲುವುದು ಇದನ್ನೇ.

ಹೊತ್ತನ್ನೂ ಬರೆದಿಡಿ. ರಾತ್ರಿ ಎಂಟರಿಂದ ಹನ್ನೊಂದರ ನಡುವೆ ದಿನವೂ ನಿಧಾನವಾದರೆ ದಟ್ಟಣೆ. ಬಿರುಬಿಸಿಲಿನ ಮಧ್ಯಾಹ್ನ ಹೋಗಿ ಸಂಜೆಗೆ ಬಂದರೆ ಬಿಸಿಲಿಗೆ ಬಿದ್ದ ಜಾಯಿಂಟ್. ಗಾಳಿ ಬೀಸಿದಾಗ ಹೋದರೆ ಮರದ ಕೊಂಬೆ. ಮಳೆ ನಿಂತು ಒಂದೆರಡು ಗಂಟೆಯ ಮೇಲೆ ಹೋದರೆ ನೀರು ಹೊಕ್ಕ ಬಾಕ್ಸ್. ಪ್ರತಿದಿನ ಗಡಿಯಾರ ಇಟ್ಟ ಹಾಗೆ ಒಂದೇ ಹೊತ್ತಿಗೆ ಹೋದರೆ ಕಂಪನಿಯ ಕಡೆಯ ಸೆಷನ್ ಟೈಮರ್ ಇರಬಹುದು.

ಮನೆಯೊಳಗೆ

ವೈಫೈ ದೂರುಗಳಲ್ಲಿ ಅರ್ಧಕ್ಕರ್ಧ ರೌಟರ್ ಕೂತ ಜಾಗದ ದೂರುಗಳು. ಫೈಬರ್ ಒಳಬರುವುದು ಬಾಗಿಲ ಪಕ್ಕ, ಮೀಟರ್ ಬೋರ್ಡ್ ಹತ್ತಿರ. ರೌಟರ್ ಅಲ್ಲೇ ನೇತುಬೀಳುತ್ತದೆ. ಇಲ್ಲವಾದರೆ ಟಿವಿ ಹಿಂದೆ, ಶೋಕೇಸಿನ ಒಳಗೆ. 30×40 ಸೈಟಿನ ಮೂರು ಮಹಡಿಯ ಮನೆಯಲ್ಲಿ ಕೆಳಗಿನ ಹಾಲ್‌ನ ಮೂಲೆಯಲ್ಲಿರುವ ಒಂದೇ ಡಬ್ಬಿ ಎರಡನೇ ಮಹಡಿಯ ರೂಮಿಗೂ ಮುಟ್ಟಬೇಕು ಅನ್ನುವುದು ಆಗದ ಮಾತು. ಬೆಂಗಳೂರಿನ ಮನೆಗಳು 6 ಇಂಚು ಸಾಲಿಡ್ ಬ್ಲಾಕ್‌ನ ಗೋಡೆಯವು, ಮೇಲೆ ಕಬ್ಬಿಣದ ಬಲೆ ತುಂಬಿದ ಆರ್‌ಸಿಸಿ. ಒಂದು ಸ್ಲ್ಯಾಬ್ ದಾಟುವಾಗ 5 ಗಿಗಾಹರ್ಟ್ಸ್ ಸಿಗ್ನಲ್ 15ರಿಂದ 20 ಡಿಬಿ (ಡೆಸಿಬೆಲ್, ಪ್ರತಿ 3ಕ್ಕೆ ಶಕ್ತಿ ಅರ್ಧ) ಕಳೆದುಕೊಳ್ಳುವುದು ಮಾಮೂಲು. ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಫ್ರಿಜ್ ಇವೂ ಗೋಡೆಗಳೇ.

ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ನೀವು ನಿಜವಾಗಿ ಕೂರುವ ಜಾಗದಲ್ಲಿ ಅಳೆಯಿರಿ. ಅಂಕಿ ಮೈನಸ್‌ನಲ್ಲಿ ಬರುತ್ತದೆ: −50 ಬಹಳ ಚೆನ್ನ, −67ರವರೆಗೆ ವಿಡಿಯೊ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ, −75ಕ್ಕೆ ತೊದಲುತ್ತದೆ, −80 ದಾಟಿದರೆ ಕಡಿಯುತ್ತದೆ. ಮೊಬೈಲಿನ ಮೇಲಿನ ಗೀಟುಗಳನ್ನು ನಂಬಬೇಡಿ. ಅವು ರೌಟರ್‌ನ ದನಿ ನಿಮಗೆ ಎಷ್ಟು ಕೇಳಿಸುತ್ತಿದೆ ಅಂತ ಮಾತ್ರ ಹೇಳುತ್ತವೆ. ಮೊಬೈಲಿನ ದನಿ ರೌಟರ್‌ಗಿಂತ ಚಿಕ್ಕದು. ನಿಮ್ಮ ಮಾತು ಅದಕ್ಕೆ ಕೇಳಿಸುತ್ತಿದೆಯೇ ಅನ್ನುವುದು ಆ ಗೀಟುಗಳಲ್ಲಿ ಇಲ್ಲ.

ಚಾನೆಲ್ ವಿಚಾರ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಗಲ 20 ಮೆಗಾಹರ್ಟ್ಸ್‌ಗೇ ಇಡಿ. 40 ಇಟ್ಟರೆ ಅಪಾರ್ಟ್‌ಮೆಂಟಿನಲ್ಲಿ ನಿಮಗೂ ಕೆಡುತ್ತದೆ, ಅಕ್ಕಪಕ್ಕದವರಿಗೂ ಕೆಡುತ್ತದೆ. "ಖಾಲಿ ಇದೆ" ಅಂತ 3ನ್ನೋ 8ನ್ನೋ ಆರಿಸುವುದು ಜಾಣತನದಂತೆ ಕಂಡರೂ ಎರಡು ಕಡೆಯ ಗಲಾಟೆಯನ್ನೂ ಮೈಮೇಲೆ ಎಳೆದುಕೊಂಡಂತೆ. ಮೈಕ್ರೊವೇವ್ ಓವನ್ ಓಡುವುದೂ ಈ 2.4ರ ಸುಮಾರಿನಲ್ಲೇ. ಊಟ ಬಿಸಿ ಮಾಡುವ ಹೊತ್ತಿಗೆ ಸರಿಯಾಗಿ ನೆಟ್ ಹೋಗುತ್ತಿದ್ದರೆ ಹುಡುಕುತ್ತ ದೂರ ಹೋಗಬೇಕಿಲ್ಲ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಒಂದು ಗುಂಡಿ ಇದೆ. 36ರಿಂದ 48, 149ರಿಂದ 165 ನಿಶ್ಚಿಂತೆಯ ಚಾನೆಲ್‌ಗಳು. ನಡುವಿನ 52ರಿಂದ 144ರವರೆಗಿನವನ್ನು ರಾಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಇದೆ ಅಂತ ರೌಟರ್‌ಗೆ ಅನ್ನಿಸಿದರೆ ತಕ್ಷಣ ಚಾನೆಲ್ ಬಿಡುತ್ತದೆ, ಇದೇ ಗುಂಪಿನ ಇನ್ನೊಂದಕ್ಕೆ ಹೋದರೆ ಅಲ್ಲಿ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೂತು ಆಮೇಲೆ ಮಾತಾಡುತ್ತದೆ. ಅಷ್ಟು ಹೊತ್ತು 5 ಗಿಗಾಹರ್ಟ್ಸ್ ಹೆಸರೇ ಕಾಣುವುದಿಲ್ಲ. ಚಾನೆಲ್ "ಆಟೊ"ದಲ್ಲಿದ್ದರೆ ರೌಟರ್ ತಾನಾಗಿಯೇ ಹೋಗಿ ಇಲ್ಲಿ ಕೂರುವುದುಂಟು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಅಂತ ಊರ ಸುತ್ತ ವಿಮಾನ ಇಳಿಯುವ ಜಾಗಗಳಿರುವಾಗ 36 ಅಥವಾ 149ಕ್ಕೆ ಕೈಯಾರೆ ಕಟ್ಟಿಹಾಕುವುದೇ ಲೇಸು.

ಹತ್ತಿರ ಹೋದರೆ ಚೆನ್ನ, ದೂರ ಹೋದರೆ ಕೆಟ್ಟದ್ದು ಅಂತಾದರೆ ಎರಡನೇ ಡಬ್ಬಿ ಬೇಕು, ದೊಡ್ಡ ಆಂಟೆನಾದ ಒಂದೇ ಡಬ್ಬಿಯಲ್ಲ. ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಮೆಶ್ (ಒಂದೇ ವೈಫೈ ಆಗಿ ಕೂಡಿ ಓಡುವ ಹಲವು ಡಬ್ಬಿಗಳು) ವಾಸಿ, ಆದರೆ ಮೆಶ್‌ನ ಎರಡು ಡಬ್ಬಿಗಳ ನಡುವೆ ಒಂದು ಕ್ಯಾಟ್ 6 ವೈರ್ ಎಳೆದರೆ ಆಗುವ ವ್ಯತ್ಯಾಸವನ್ನು ಯಾವ ದುಬಾರಿ ಮೆಶ್ಶೂ ಗಾಳಿಯಲ್ಲಿ ಕೊಡಲಾರದು. ಹೊಸ ಮನೆ ಕಟ್ಟಿಸುವವರು ಕರೆಂಟ್ ಪೈಪ್ ಹಾಕಿಸುವಾಗಲೇ ಪ್ರತಿ ಮಹಡಿಗೂ ಒಂದು ಬೇರೆ ಪೈಪ್ ಬಿಡಿಸಿದರೆ ಆಮೇಲಿನ ಇಪ್ಪತ್ತು ವರ್ಷದ ತಲೆನೋವು ತಪ್ಪುತ್ತದೆ.

ವೈರ್ ಎಳೆಸುವಾಗ ತಾಮ್ರದ್ದೇ ಕೇಳಿ ತನ್ನಿ. ಅಲ್ಯುಮಿನಿಯಂ ತಂತಿಗೆ ಮೇಲೆ ತಾಮ್ರ ಹಚ್ಚಿದ ಸಿಸಿಎ ವೈರ್ ಎಸ್‌ಪಿ ರೋಡಿನಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬಗ್ಗಿಸಿದರೆ ಒಳಗೇ ಮುರಿಯುತ್ತದೆ, ಕನೆಕ್ಟರ್‌ನಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ. ಸ್ಪೀಡ್ ಟೆಸ್ಟ್ ಎಷ್ಟು ಮಾಡಿದರೂ 94ರ ಹತ್ತಿರ ನಿಂತುಬಿಟ್ಟರೆ ಅದೊಂದು ಗಟ್ಟಿ ಸುಳಿವು: ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, ಒಂದು ಕೈಕೊಟ್ಟರೆ ಬಹಳ ಸಲ ಎರಡು ಜೋಡಿಯಲ್ಲೇ 100 ಎಂಬಿಪಿಎಸ್‌ಗೆ ಇಳಿದು ಓಡುತ್ತದೆ. ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಕೊಕ್ಕೆಯನ್ನು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಗೆ ಇದೇ ಕ್ರಮ. ಹೊರಗೋಡೆಯಿಂದ ಒಳಬರುವ ವೈರ್ ಕಿಟಕಿಗೆ ಹೊಗುವ ಮುನ್ನ ಸ್ವಲ್ಪ ಕೆಳಗೆ ಜೋತುಬಿದ್ದಿರಲಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಇಲ್ಲವಾದರೆ ವೈರ್ ಹಿಡಿದು ನೇರ ಪೋರ್ಟ್‌ಗೆ ಬರುತ್ತದೆ.

ಕರೆಂಟು

ಬೆಸ್ಕಾಂ ಕರೆಂಟ್ ಒಂದು ಕ್ಷಣ ಮಿಣುಕಿದರೆ ಫ್ಯಾನ್‌ಗೆ ಗೊತ್ತೇ ಆಗುವುದಿಲ್ಲ, ಓಎನ್‌ಟಿ ಮಾತ್ರ ಬಿದ್ದು ಎದ್ದು ಲೈನ್ ಹಿಡಿಯುವಷ್ಟರಲ್ಲಿ ಎರಡು ಮೂರು ನಿಮಿಷ. ಮನೆಯಲ್ಲಿ ಯುಪಿಎಸ್ ಇದ್ದರೂ ಹೀಗಾದರೆ ಅದರ ಹಿಂದಿನ ಮೋಡ್ ಸ್ವಿಚ್ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆ ನಿಧಾನ. ಯುಪಿಎಸ್ ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡ್, ಅಡಾಪ್ಟರ್ ಅಷ್ಟನ್ನು ತಡೆದುಕೊಳ್ಳುತ್ತದೆ.

ಬಂದು ಹೋಗುವ ತೊಂದರೆಗೆ ನಾನು ಮೊದಲು ಸಂಶಯಪಡುವುದು ಅಡಾಪ್ಟರನ್ನೇ. ಒಳಗಿನ ಕೆಪಾಸಿಟರ್ ಉಬ್ಬಿ ಸುಸ್ತಾದ 12 ವೋಲ್ಟ್ ಅಡಾಪ್ಟರ್ ಮಲ್ಟಿಮೀಟರ್‌ಗೆ 12 ಅಂತಲೇ ತೋರಿಸುತ್ತದೆ, ಏಕೆಂದರೆ ಅಳೆಯುವಾಗ ಅದರ ಮೇಲೆ ಹೊರೆಯೇ ಇಲ್ಲ. ನಾಲ್ಕು ಮೊಬೈಲ್, ಎರಡು ಟಿವಿ ಒಟ್ಟಿಗೆ ವೈಫೈ ಎಳೆದಾಗ ವೋಲ್ಟೇಜ್ ಕುಸಿದು ಡಬ್ಬಿ ರೀಸ್ಟಾರ್ಟ್ ಆಗುತ್ತದೆ. ಹೊರಗಿನಿಂದ ನೋಡಿದವರಿಗೆ ಇದು "ಜಾಸ್ತಿ ಜನ ಬಳಸಿದರೆ ನೆಟ್ ಹೋಗುತ್ತೆ" ಅಂತ ಕಾಣುತ್ತದೆ, ಪ್ಲಾನ್ ಏರಿಸುತ್ತಾರೆ. ಅಪ್‌ಟೈಮ್ ಗಡಿಯಾರ ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಬದಲಿ ಅಡಾಪ್ಟರ್ ತರುವಾಗ ವೋಲ್ಟ್ ತಾಳೆಯಾಗಲೇಬೇಕು, ಆಂಪಿಯರ್ ಹೆಚ್ಚಿದ್ದರೆ ಪರವಾಗಿಲ್ಲ. 9 ವೋಲ್ಟ್, 12 ವೋಲ್ಟ್ ಎರಡರ ಪಿನ್ನೂ ಬಹಳ ಸಲ ಒಂದೇ ಅಳತೆಯವು, ತಪ್ಪಿ 9ರ ಡಬ್ಬಿಗೆ 12 ಚುಚ್ಚಿದರೆ ಡಬ್ಬಿ ಹೋಗಬಹುದು.

ರೌಟರ್‌ಗೇ ಅಂತ ಸಿಗುವ ಮಿನಿ ಯುಪಿಎಸ್ ಬೆಂಗಳೂರಿನಲ್ಲಿ ಕೊಳ್ಳಬೇಕಾದ ವಸ್ತು. ಅದರ ಮೇಲಿನ 8000 ಎಂಎಎಚ್ ಅನ್ನುವ ಅಂಕಿಗೆ ಮರುಳಾಗಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ, ಅಂದರೆ ಸುಮಾರು 30 ವ್ಯಾಟ್-ಅವರ್. ರೌಟರ್, ಓಎನ್‌ಟಿ ಸೇರಿ 12 ವ್ಯಾಟ್ ಎಳೆದರೆ, ನಡುವೆ ಹಾಳಾಗುವುದನ್ನು ಕಳೆದು, ಎರಡು ಗಂಟೆ. ಎರಡು ಬೇರೆ ಡಬ್ಬಿ ಇದ್ದರೆ ಎರಡಕ್ಕೂ ಯುಪಿಎಸ್ ಬೇಕು. ರೌಟರ್‌ಗೆ ಮಾತ್ರ ಕೊಟ್ಟು ಓಎನ್‌ಟಿ ಮರೆತರೆ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ. ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಫೈಬರ್ ಬಿಲ್ಡಿಂಗ್‌ವರೆಗೆ ಮಾತ್ರ ಬಂದು ಅಲ್ಲಿಂದ ಮನೆಗೆ ತಾಮ್ರದ ವೈರ್ ಬಂದಿರುವುದುಂಟು. ಅಲ್ಲಿ ಮೆಟ್ಟಿಲ ಮೇಲಿನ ಡಬ್ಬಿಯೊಳಗೆ ಒಂದು ಸ್ವಿಚ್ ಕೂತಿರುತ್ತದೆ. ಅದರ ಪ್ಲಗ್ ಜನರೇಟರ್ ಲೈನಿನಲ್ಲಿ ಇದೆಯೇ ಇಲ್ಲವೇ ಅಂತ ಅಸೋಸಿಯೇಷನ್‌ನವರನ್ನು ಕೇಳಿ, ಮನೆಯ ಯುಪಿಎಸ್ ಬಗ್ಗೆ ಆಮೇಲೆ ಯೋಚಿಸಿ. ಏಪ್ರಿಲ್–ಮೇ ಗುಡುಗು ಮಳೆಗೆ ಪೋರ್ಟ್ ಸುಟ್ಟುಹೋಗುವುದೂ ಇಂಥ ತಾಮ್ರದ ಲೈನ್‌ಗಳಲ್ಲೇ.

ಗಾಜಿನ ಎಳೆ

ಈಗ ನಿಜವಾದ ವಿಷಯ. ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಮಾಹಿತಿ ಅಂತ ಒಂದು ಕಡೆ ಇರುತ್ತದೆ. ಪುಟದ ವಿಳಾಸ, ಪಾಸ್‌ವರ್ಡ್ ಡಬ್ಬಿಯ ಅಡಿಯ ಸ್ಟಿಕರ್‌ನಲ್ಲಿ. ಅಲ್ಲಿ ಆರ್‌ಎಕ್ಸ್ ಪವರ್ ಅನ್ನುವ ಅಂಕಿಯೇ ನಿಮ್ಮ ಲೈನಿನ ನಾಡಿ. ಅದು ಡಿಬಿಎಂ ಲೆಕ್ಕದಲ್ಲಿ, ಮೈನಸ್‌ನಲ್ಲಿ ಬರುತ್ತದೆ. ಪ್ರತಿ 3 ಡಿಬಿ ಇಳಿದರೆ ಬೆಳಕು ಅರ್ಧವಾಯಿತು ಅಂತ ಅರ್ಥ.

ಲೆಕ್ಕ ಹೀಗೆ ಹೋಗುತ್ತದೆ. ಕಂಪನಿಯ ಕಚೇರಿಯ ಯಂತ್ರ ಸುಮಾರು +3 ಡಿಬಿಎಂ ಬೆಳಕು ಬಿಡುತ್ತದೆ ಅಂತಿಟ್ಟುಕೊಳ್ಳಿ. ಅದು 32 ಮನೆಗೆ ಹಂಚಿಕೆಯಾಗುವಾಗ ಸ್ಪ್ಲಿಟರ್‌ನಲ್ಲಿ ಸುಮಾರು 17 ಡಿಬಿ ಹೋಯಿತು. ಮೂರು ಕಿಲೋಮೀಟರ್ ಫೈಬರ್‌ಗೆ 1 ಡಿಬಿ, ಕನೆಕ್ಟರ್, ಜಾಯಿಂಟ್‌ಗಳಿಗೆ 2ರಿಂದ 3. ಮನೆಗೆ ಮುಟ್ಟುವುದು −18ರ ಆಸುಪಾಸು. ಮಾಮೂಲಿ ಜಿಪಾನ್ (ಒಂದೇ ಫೈಬರನ್ನು ಹೀಗೆ ಹಲವು ಮನೆಗೆ ಹಂಚುವ ವ್ಯವಸ್ಥೆ) ಓಎನ್‌ಟಿ −27ರವರೆಗೆ ಓದಬಲ್ಲದು. ಅದರಾಚೆ LOS (ಬೆಳಕು ಸಿಗುತ್ತಿಲ್ಲ) ಎಂಬ ಕೆಂಪು ದೀಪ. −8ಕ್ಕಿಂತ ಹೆಚ್ಚು ಬೆಳಕೂ ಒಳ್ಳೆಯದಲ್ಲ, ಕಣ್ಣು ಕುಕ್ಕುತ್ತದೆ. −25, −26ರಲ್ಲಿ ಕೂತ ಲೈನ್ ಬೆಳಿಗ್ಗೆ ಚೆನ್ನಾಗಿಯೇ ಓಡುತ್ತದೆ, ಸ್ಪೀಡ್ ಟೆಸ್ಟ್ ಪೂರ್ತಿ ತೋರಿಸುತ್ತದೆ. ಬಿಸಿಲೇರಿದಾಗ, ಗಾಳಿಗೆ ಎಳೆ ಅಲುಗಿದಾಗ ಒಂದೆರಡು ಡಿಬಿ ಜಾರಿದರೆ ಮುಗಿಯಿತು. ಬಂದು ಹೋಗುವ ಲೈನಿನ ಗುಟ್ಟು ಬಹುಮಟ್ಟಿಗೆ ಇಷ್ಟೇ: ಅದು ಅಂಚಿನಲ್ಲಿ ನಿಂತಿದೆ.

ಆ ಡಿಬಿಗಳು ಎಲ್ಲಿ ಸೋರುತ್ತವೆ? ಹೆಚ್ಚಾಗಿ ನಿಮ್ಮ ಮನೆಯ ಗೋಡೆಯ ಮೇಲಿನ ಪುಟ್ಟ ಬಾಕ್ಸ್‌ನಲ್ಲಿ. ಡ್ರಾಪ್ ವೈರಿನ (ಕಂಬದಿಂದ ಮನೆಗೆ ಬರುವ ಫೈಬರ್) ಕಪ್ಪು ಸಿಪ್ಪೆ, ಅದರ ಒಳಗಿನ ಬಣ್ಣದ ಲೇಪ ಎರಡನ್ನೂ ಸುಲಿದರೆ ಉಳಿಯುವುದು 125 ಮೈಕ್ರಾನ್ ದಪ್ಪದ ಗಾಜು. ಬೆಳಕು ಹೋಗುವುದು ಅದರ ನಡುವಿನ ಸುಮಾರು 9 ಮೈಕ್ರಾನ್‌ನಲ್ಲಿ. ಈ ಎಳೆಯನ್ನು ಕ್ಲೀವರ್‌ನಲ್ಲಿ ನೇರ ಕತ್ತರಿಸಿ ಫಾಸ್ಟ್ ಕನೆಕ್ಟರ್‌ಗೆ ತೂರಿಸುತ್ತಾರೆ. ಒಳಗೆ ಮೊದಲೇ ಒಂದು ಗಾಜಿನ ತುಂಡು ಇರುತ್ತದೆ, ಎರಡರ ನಡುವೆ ಒಂದು ಹನಿ ಜೆಲ್. ಕತ್ತರಿಸಿದ್ದು ಓರೆಯಾದರೆ, ಒಂದು ಕಣ ಧೂಳು ಕೂತರೆ, ಎರಡು ಬೇಸಿಗೆ ಕಳೆದು ಜೆಲ್ ಒಣಗಿದರೆ ಅಥವಾ ಹೊರಗಿನಿಂದ ವೈರ್ ಜಗ್ಗಿ ಎಳೆ ಕೂದಲಷ್ಟು ಹಿಂದೆ ಸರಿದರೆ ಮೂರು ನಾಲ್ಕು ಡಿಬಿ ಅಲ್ಲೇ ಹೋಯಿತು. ಎರಡು ನಿಮಿಷದ ಕೆಲಸವಾದ್ದರಿಂದ ಎಲ್ಲರೂ ಇದನ್ನೇ ಹಾಕುತ್ತಾರೆ. ಮಷೀನಿನಲ್ಲಿ ಬೆಸೆದ ಜಾಯಿಂಟ್‌ನಲ್ಲಿ 0.1 ಡಿಬಿಯೂ ಹೋಗುವುದಿಲ್ಲ, ವರ್ಷಗಟ್ಟಲೆ ಅಲುಗುವುದೂ ಇಲ್ಲ. "ಅಣ್ಣ, ಫಾಸ್ಟ್ ಕನೆಕ್ಟರ್ ಬೇಡ, ಪಿಗ್‌ಟೇಲ್ ಹಾಕಿ ಸ್ಪ್ಲೈಸ್ ಮಾಡಿಕೊಡಿ" ಅಂತ ಕೇಳಿ. ಪಿಗ್‌ಟೇಲ್ ಅಂದರೆ ಮೊದಲೇ ಕನೆಕ್ಟರ್ ಹಾಕಿ ಬರುವ ತುಂಡು ಫೈಬರ್, ಸ್ಪ್ಲೈಸ್ ಅಂದರೆ ಬೆಸುಗೆ. ಮಷೀನ್ ತಂದಿಲ್ಲ ಅಂದರೆ ಇನ್ನೊಂದು ದಿನ ತರಲು ಹೇಳಿ.

ಕನೆಕ್ಟರ್ ಬಣ್ಣ ನೋಡಿ. ಹಸಿರಿನದು 8 ಡಿಗ್ರಿ ಓರೆಗೆ ಉಜ್ಜಿದ್ದು, ನೀಲಿಯದು ನೇರದ್ದು. ಹಸಿರನ್ನು ನೀಲಿ ಕಿಂಡಿಗೆ ಚುಚ್ಚಿದರೆ ಹಿಡಿಯುತ್ತದೆ, ಲೈಟೂ ಬರಬಹುದು, ಆದರೆ ನಡುವೆ ಗಾಳಿ ಉಳಿದು ಹಲವು ಡಿಬಿ ನಷ್ಟ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು. ಅದರೊಳಗೆ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ. ಮೇಲಿನಿಂದ ಬರುವ 1490 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ.

ಇನ್ನೊಂದು ಬಾಗು. ಹಳೆಯ ಬಗೆಯ ಫೈಬರ್ 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ಸುತ್ತು ತಾಳುವುದಿಲ್ಲ. ಮನೆಗೆಂದೇ ಬಂದ ಹೊಸ ಬಗೆಯವು 10 ಅಥವಾ 7.5 ಮಿಲಿಮೀಟರ್‌ವರೆಗೆ ತಾಳುತ್ತವೆ. ಕಿಟಕಿ ಸಂದಿಯಲ್ಲಿ ಸಿಕ್ಕಿಕೊಂಡ, ಬಾಗಿಲ ಕೆಳಗೆ ಜಜ್ಜಿದ, ಮೊಳೆಗೆ ಬಿಗಿಯಾಗಿ ಸುತ್ತಿದ ವೈರನ್ನು ಬಿಡಿಸಿದರೆ ಪವರ್ ಅಲ್ಲೇ ಮೇಲೇರುವುದನ್ನು ಪುಟದಲ್ಲಿ ನೋಡಬಹುದು. ಬಾಗಿನಲ್ಲಿ ಉದ್ದ ತರಂಗದ ಬೆಳಕು ಮೊದಲು ಸೋರುತ್ತದೆ. ಅದೇ ಫೈಬರ್‌ನಲ್ಲಿ 1550 ನ್ಯಾನೊಮೀಟರ್‌ನ ಕೇಬಲ್ ಟಿವಿಯೂ ಬರುತ್ತಿದ್ದು, ಟಿವಿ ಕೆಟ್ಟು ನೆಟ್ ಚೆನ್ನಾಗಿದ್ದರೆ ಎಲ್ಲೋ ಬಾಗು ಇದೆ ಅಂತ ಅಲ್ಲಿಗೇ ಸಂಶಯ ಪಡಬಹುದು.

ಮನೆಯಿಂದಾಚೆ ನಿಮ್ಮ ಕೈಯಲ್ಲಿ ಹೆಚ್ಚಿಲ್ಲ. ಅಳಿಲು ಕಡಿಯುತ್ತದೆ, ಪೇಂಟ್ ಮಾಡುವವರು ಕಡಿಯುತ್ತಾರೆ, ವೈಟ್‌ಟಾಪಿಂಗ್‌ಗೆ ಅಗೆದವರು, ನೀರಿನ ಪೈಪ್‌ಗೆ ಅಗೆದವರು ಕಡಿಯುತ್ತಾರೆ. ಮರ, ಕರೆಂಟ್ ಕಂಬಗಳಿಗೆ ನೇತುಹಾಕಿದ ಕೇಬಲ್‌ಗಳನ್ನು ಪಾಲಿಕೆಯವರು, ಬೆಸ್ಕಾಂನವರು ಆಗಾಗ ಸಾರಾಸಗಟಾಗಿ ಕತ್ತರಿಸುವುದೂ ಇದೆ. ಫುಟ್‌ಪಾತಿನಲ್ಲಿ ಕೊರಳಮಟ್ಟಕ್ಕೆ ಜೋತುಬಿದ್ದ ವೈರ್ ನೋಡಿದವರು ಅವರನ್ನು ದೂರಲಾರರು. ಪ್ರತಿ ಕಡಿತಕ್ಕೂ ಒಂದು ಹೊಸ ಜಾಯಿಂಟ್, ಪ್ರತಿ ಜಾಯಿಂಟ್‌ಗೂ ಸ್ವಲ್ಪ ಬೆಳಕು. ಹೀಗೆ ವರ್ಷದಲ್ಲಿ −19 ಇದ್ದದ್ದು −24 ಆಗುತ್ತದೆ. ಅದಕ್ಕೇ ಚೆನ್ನಾಗಿರುವಾಗಲೇ ಆ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು.

ಅದರಾಚೆ

ಲೈನ್, ವೈಫೈ ಎರಡೂ ಸರಿಯಿದ್ದೂ ಯಾರೋ ಫೋಟೊ ಬ್ಯಾಕಪ್ ಹಾಕಿದ ಕೂಡಲೇ ಕಾಲ್ ಒಡೆದರೆ ಅದು ಬಫರ್‌ಬ್ಲೋಟ್. ದರ್ಶಿನಿಯಲ್ಲಿ ಮೂವತ್ತು ದೋಸೆ ಪಾರ್ಸಲ್ ಹೇಳಿದವನ ಹಿಂದೆ ಒಂದು ಲೋಟ ಕಾಫಿ ಬೇಕಾದವನು ನಿಂತ ಪರಿಸ್ಥಿತಿ. ನಿಮ್ಮ ಮಾತಿನ ಚಿಕ್ಕ ಪ್ಯಾಕೆಟ್ ದೊಡ್ಡ ಸಾಲಿನ ಕೊನೆಯಲ್ಲಿ ಕಾಯುತ್ತದೆ. 8.8.8.8ಕ್ಕೆ ಪಿಂಗ್ ಓಡಿಸಿಕೊಂಡೇ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ ನೋಡಿ. 5 ಮಿಲಿಸೆಕೆಂಡ್ ಇದ್ದದ್ದು 300 ಆದರೆ ಇದೇ. ರೌಟರ್‌ನಲ್ಲಿ ಎಸ್‌ಕ್ಯುಎಂ ಅಥವಾ ಒಳ್ಳೆಯ ಕ್ಯುಒಎಸ್ (ಈ ಸಾಲನ್ನು ಹದದಲ್ಲಿಡುವ ಸೆಟ್ಟಿಂಗ್‌ಗಳು) ಇದ್ದರೆ ವೇಗದ ಮಿತಿಯನ್ನು ನಿಮ್ಮ ಅಳೆದ ವೇಗದ 85–90 ಶೇಕಡಾಕ್ಕೆ ಇಡಿ. ಹತ್ತು ಹದಿನೈದು ಶೇಕಡಾ ವೇಗ ಹೋಗಿ ನೆಮ್ಮದಿ ಬರುತ್ತದೆ.

ಕೆಲವೇ ಸೈಟುಗಳು, ಅದರಲ್ಲೂ ಆಫೀಸಿನ ವಿಪಿಎನ್, ಅರ್ಧಕ್ಕೆ ನಿಂತರೆ ರೌಟರ್‌ನಲ್ಲಿ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ನೋಡಿ. ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಸೆಷನ್ ಕೂಡುವ ಬಗೆ) ಲೈನಿನಲ್ಲಿ ಅದು 1500 ಅಲ್ಲ, 1492. ಮನೆಯ ಕ್ಯಾಮೆರಾ ಹೊರಗಿನಿಂದ ತೆರೆಯದಿದ್ದರೆ ರೌಟರ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರವರೆಗಿನದೇ ನೋಡಿ; ಹೌದಾದರೆ ಒಂದೇ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಆಗುವುದಿಲ್ಲ. ತಿಂಗಳ ಕೊನೆಗೆ ಮಾತ್ರ ನಿಧಾನವಾದರೆ ಡೇಟಾ ಮಿತಿ ದಾಟಿದೆಯೇ ಅಂತ ಆ್ಯಪ್‌ನಲ್ಲಿ ನೋಡಿ. ಸಂಜೆಯ ದಟ್ಟಣೆಗೆ ಮನೆಯಲ್ಲಿ ಮದ್ದಿಲ್ಲ. ಜಿಪಾನ್‌ನ ಒಂದು ಪೋರ್ಟ್‌ನ ಸುಮಾರು 2.5 ಜಿಬಿಪಿಎಸ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಂಡಿರುತ್ತವೆ. ಸ್ಪೀಡ್ ಟೆಸ್ಟ್‌ನ ಸರ್ವರ್ ಬಹಳ ಸಲ ಕಂಪನಿಯ ಜಾಲದೊಳಗೇ ಇರುವುದರಿಂದ ಹೊರದಾರಿ ಕಿಕ್ಕಿರಿದರೂ ಅಲ್ಲಿ ಪೂರ್ತಿ ವೇಗವೇ ಕಾಣುತ್ತದೆ. ಬೇರೆ ಊರಿನ, ಬೇರೆ ಕಂಪನಿಯ ಸರ್ವರ್ ಆರಿಸಿ ಅಳೆಯಿರಿ.

ದೂರು ಕೊಡುವಾಗ "ನೆಟ್ ಸ್ಲೋ" ಅನ್ನಬೇಡಿ. "ಮೂರು ದಿನದಿಂದ ಮಧ್ಯಾಹ್ನ ಹೋಗ್ತಿದೆ, ರೌಟರ್ ರೀಸ್ಟಾರ್ಟ್ ಆಗಿಲ್ಲ, ಆರ್‌ಎಕ್ಸ್ ಪವರ್ −26, ಮೊದಲು −20 ಇತ್ತು" ಅನ್ನಿ. ಸ್ಕ್ರಿಪ್ಟ್ ಓದುವವರಿಂದ ಕೆಲಸ ಗೊತ್ತಿರುವವರಿಗೆ ಕರೆ ಬೇಗ ಹೋಗುತ್ತದೆ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯದೆ ಫೋನ್ ಇಡಬೇಡಿ. ಪರಿಹಾರ ತೃಪ್ತಿಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ನಂಬರ್ ಬೇಕು. ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ ಒಬ್ಬೊಬ್ಬರ ದೂರನ್ನು ಬಗೆಹರಿಸುವುದಿಲ್ಲ. ಏರಿಯಾದ ಕೇಬಲ್‌ನವರಿಂದ ಕನೆಕ್ಷನ್ ಪಡೆದಿದ್ದರೆ ಬಿಲ್‌ನಲ್ಲಿ ಯಾರ ಹೆಸರಿದೆಯೋ ಆ ಕಂಪನಿಗೆ ದೂರು ಕೊಡಿ.

ಲೈನ್‌ಮ್ಯಾನ್ ಬಂದಾಗ ಪವರ್ ಮೀಟರ್‌ನಲ್ಲಿ ಮೊದಲು ಮನೆಯಲ್ಲಿ, ಆಮೇಲೆ ಕಂಬದ ಬಾಕ್ಸ್‌ನಲ್ಲಿ ಅಳೆಯಲು ಹೇಳಿ. ಎರಡರ ವ್ಯತ್ಯಾಸ 1 ಡಿಬಿಗಿಂತ ಹೆಚ್ಚಿದ್ದರೆ ನಿಮ್ಮ ಡ್ರಾಪ್ ವೈರ್ ಅಥವಾ ಅದರ ತುದಿಯ ಕನೆಕ್ಟರ್ ಬದಲಾಗಬೇಕು. ಕಂಬದಲ್ಲೇ ಕಡಿಮೆ ಇದ್ದರೆ ತೊಂದರೆ ಹಿಂದೆ ಇದೆ, ಅಕ್ಕಪಕ್ಕದವರಿಗೂ ಇರುತ್ತದೆ. ಅವರೂ ದೂರು ಕೊಟ್ಟರೆ ಬೇಗ ಆಗುತ್ತದೆ. ಅವರು ಹೊರಡುವ ಮುನ್ನ ಆರ್‌ಎಕ್ಸ್ ಪವರ್ ಮತ್ತೊಮ್ಮೆ ನೋಡಿ. ಅಂಕಿ ಏರದೆ ನೆಟ್ ಮಾತ್ರ ಬಂದಿದ್ದರೆ ಅವರು ಮುಟ್ಟಿದ್ದು ಬೇರೆ ಜಾಗವನ್ನು, ನಾಳೆ ಮತ್ತೆ ಹೋಗುತ್ತದೆ.

ಮನೆಯಿಂದ ಕೆಲಸ ಮಾಡುವವರು ಎರಡನೇ ಕನೆಕ್ಷನ್ ಇಟ್ಟುಕೊಳ್ಳುವುದು ಈ ಊರಲ್ಲಿ ಅತಿಯೇನಲ್ಲ. ಆದರೆ ಅದಕ್ಕೆ ಮೊದಲು ಕೆಳಗಿಳಿದು ನೋಡಿ. ಎರಡು ಕಂಪನಿಯ ವೈರೂ ಒಂದೇ ಮರದ ಒಂದೇ ಕೊಂಬೆಯ ಮೇಲೆ ಬರುತ್ತಿದ್ದರೆ ಎರಡೂ ಒಂದೇ ದಿನ ಹೋಗುತ್ತವೆ. ಅಂಥ ಬೀದಿಯಲ್ಲಿ ಎರಡನೆಯದಕ್ಕೆ 5ಜಿ ಏರ್‌ಫೈಬರ್ (ವೈರಿಲ್ಲದೆ ಮೊಬೈಲ್ ಟವರ್‌ನಿಂದ ಬರುವುದು) ಅಥವಾ ಒಂದು ಸಿಮ್ ಹಾಕಿದ ರೌಟರ್ ಒಳ್ಳೆಯದು. ವೇಗ ಕಡಿಮೆಯಾದರೂ ಬರುವ ದಾರಿ ಬೇರೆ.